ಪಿನ್‌ಕೋಡಿಗೆ ಸಿಗದ ಹನ್ನೊಂದು ಜನ

೨೦೦೭ರ ಏಪ್ರಿಲ್‌ನಲ್ಲಿ ನಾನು ತಿರುವನಂತಪುರದ ಎಚ್‌ಐವಿ ನಿಯಂತ್ರಣ ಕಚೇರಿಯೊಂದಕ್ಕೆ ಯೋಜನಾಧಿಕಾರಿಯಾಗಿ ಬಂದೆ. ಎರಡು ವರ್ಷದ ನಿಯೋಜನೆ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅಂಚೆ ಕೆಲಸದಲ್ಲಿದ್ದೆ, ಬಹುಪಾಲು ಪತ್ರಗಳ ವಿಂಗಡಣೆಯಲ್ಲೇ. ಅಂಚೆಯವಳಿಗೆ ಏಡ್ಸ್ ಬಗ್ಗೆ ಏನು ಗೊತ್ತು ಎಂದು ಕೇಳಿದವರು ಬೇಕಾದಷ್ಟು ಮಂದಿ. ನಿರ್ದೇಶಕರ ಉತ್ತರ ಸರಳವಾಗಿತ್ತು: ವೈದ್ಯರು ತಮ್ಮಲ್ಲಿ ಸಾಕಷ್ಟಿದ್ದಾರೆ, ಮಾತ್ರೆಯನ್ನು ಸರಿಯಾದ ದಿನ ಸರಿಯಾದ ಕೈಗೆ ಮುಟ್ಟಿಸುವ ದಾರಿ ಬಲ್ಲವರು ಬೇಕು. ಈ ಮಾತಿಗೆ ನಾನು ಉಬ್ಬಿಹೋದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನು ಗದಗಿನವಳು. ಯಜಮಾನರು ಬ್ಯಾಂಕಿನವರು, ಆಗ ಕೊಚ್ಚಿಯ ಕಳಮಶ್ಶೇರಿ ಶಾಖೆಯಲ್ಲಿದ್ದರು. ಹೀಗಾಗಿ ಶುಕ್ರವಾರ ಸಂಜೆ ರೈಲು ಹತ್ತಿ ಕೊಚ್ಚಿಗೆ, ಸೋಮವಾರ ಬೆಳಿಗ್ಗೆ ಮತ್ತೆ ತಿರುವನಂತಪುರಕ್ಕೆ. ನಾನು ಕನ್ನಡದಲ್ಲಿ "ಊಟ ಆತೇನೋ" ಎಂದರೆ ಮಗ ಮಲಯಾಳದಲ್ಲಿ "ಕಳಿಚ್ಚು" ಎನ್ನುವ ಮನೆ ನಮ್ಮದು. ಮನಸ್ಸು ಬಿಚ್ಚಿ ಕನ್ನಡ ಮಾತಾಡಲು ಸಿಕ್ಕವಳು ಕೊಚ್ಚಿಯ ಚಿಕಿತ್ಸಾ ಕೇಂದ್ರದ ಆಪ್ತಸಮಾಲೋಚಕಿ ಜಯಂತಿ. ಅವಳು ಕಾಸರಗೋಡಿನವಳು. ನನ್ನ "ಬರ್ರಿ, ಹೋಗ್ರಿ" ಕೇಳಿ ಅವಳಿಗೆ ನಗು, ಅವಳ "ಮಾರಾಯ್ರೆ" ಕೇಳಿ ನನಗೆ ನಗು.

ಕೆಲಸದ ಮಾತಿಗೆ ಬರುತ್ತೇನೆ. ಎಚ್‌ಐವಿ ಇರುವವರಿಗೆ ಕೊಡುವ ಔಷಧಕ್ಕೆ ಎಆರ್‌ಟಿ ಎನ್ನುತ್ತಾರೆ. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು, ಜೀವನಪೂರ್ತಿ. ತಿಂಗಳಿಗೊಮ್ಮೆ ಕೇಂದ್ರಕ್ಕೆ ಬಂದು ಪಡೆಯಬೇಕು. ಮಾತ್ರೆ ತಪ್ಪಿದರೆ ಅಥವಾ ಅರ್ಧಂಬರ್ಧ ತೆಗೆದುಕೊಂಡರೆ ವೈರಸ್ ಆ ಔಷಧಕ್ಕೆ ಬಗ್ಗದಂತಾಗುತ್ತದೆ. ಆಮೇಲೆ ಬೇಕಾಗುವ ಎರಡನೇ ಸಾಲಿನ ಔಷಧ ಆಗ ನಮ್ಮ ಕೇಂದ್ರಗಳಲ್ಲಿ ಇರಲಿಲ್ಲ. ಮೂರು ತಿಂಗಳು ಮೀರಿ ಯಾರಾದರೂ ಕೇಂದ್ರಕ್ಕೆ ಬಾರದಿದ್ದರೆ ವರದಿಯಲ್ಲಿ ಅವರ ಹೆಸರು "ಲಾಸ್ಟ್" ಎಂಬ ಕಾಲಂಗೆ ಹೋಗುತ್ತದೆ, ಎಂದರೆ ಕಳೆದುಹೋದವರು. ಮುಂದಿನ ವರ್ಷದ ಔಷಧದ ಲೆಕ್ಕ ಹಾಕುವಾಗ ಅವರನ್ನು ಬಿಟ್ಟೇ ಹಾಕುತ್ತಾರೆ.

ಆ ವರ್ಷ ಮೇ ತಿಂಗಳಲ್ಲಿ ನಮಗೆ ಒಂದು ಪತ್ರ ಬಂತು. ಏಡ್ಸ್ ವಿರುದ್ಧ ಮುಂದಿನ ಇಪ್ಪತ್ತೈದು ವರ್ಷ ಜಗತ್ತು ಏನು ಮಾಡಬೇಕು ಎಂದು ಯೋಚಿಸುತ್ತಿದ್ದ ಅಂತರರಾಷ್ಟ್ರೀಯ ತಂಡವೊಂದು ಬೇರೆ ಬೇರೆ ಪ್ರದೇಶಗಳಿಂದ ಪ್ರಬಂಧ ಕೇಳಿತ್ತು. ನಮ್ಮದು ನವೆಂಬರ್ ೩೦ರೊಳಗೆ ಹೋಗಬೇಕು. ವಿಷಯ: ಮನೆಗೆ ಹತ್ತಿರದ ಸೇವೆ. ನಿರ್ದೇಶಕರು ಕಡತವನ್ನು ನನ್ನ ಮೇಜಿಗೆ ತಳ್ಳಿದರು.

ಇದು ನನಗೇ ಬಂದ ಕೆಲಸ ಅನ್ನಿಸಿತು. ಪಿನ್‌ಕೋಡಿನ ಮೊದಲ ಮೂರು ಅಂಕಿ ನೋಡಿದರೆ ಪತ್ರ ಯಾವ ವಿಂಗಡಣಾ ಜಿಲ್ಲೆಯದೆಂದು ತಿಳಿಯುತ್ತದೆ. ೬೯೫ ತಿರುವನಂತಪುರ, ೬೮೨ ಕೊಚ್ಚಿ. ಹೆಸರು ಮುಚ್ಚಿ, ನೋಂದಣಿ ಸಂಖ್ಯೆ ಮತ್ತು ಪಿನ್‌ಕೋಡ್ ಮಾತ್ರ ಇಟ್ಟುಕೊಂಡು ಎರಡೂ ಕೇಂದ್ರಗಳ ಪಟ್ಟಿ ತೆಗೆದೆ. ನೋಡಿದರೆ ೬೯೫ರ ಹದಿನಾಲ್ಕು ಜನ ಕೊಚ್ಚಿಯಲ್ಲಿ ಔಷಧ ಪಡೆಯುತ್ತಿದ್ದಾರೆ, ೬೮೨ರ ಒಂಬತ್ತು ಜನ ತಿರುವನಂತಪುರದಲ್ಲಿ! ತಪ್ಪು ಚೀಲಕ್ಕೆ ಬಿದ್ದ ಪತ್ರ ಕಂಡಾಗ ವಿಂಗಡಣೆಯವರ ಕೈ ತುರಿಸುತ್ತದಲ್ಲ, ನನಗೂ ಹಾಗೇ ಆಯಿತು. ಈ ಇಪ್ಪತ್ಮೂರು ಜನರನ್ನು ಅವರವರ ಊರಿನ ಕೇಂದ್ರಕ್ಕೆ ವರ್ಗಾಯಿಸಿ, ಫಲಿತಾಂಶವನ್ನು ಪ್ರಬಂಧದಲ್ಲಿ ಹಾಕುವುದೆಂದು ನಿಶ್ಚಯಿಸಿದೆ.

ಅವರಿಗೆ ವಿಷಯ ತಿಳಿಸಲು ಅಂಚೆ ಕಾಗದ ಹಾಕೋಣ ಎಂದು ಜಯಂತಿಗೆ ಫೋನಿನಲ್ಲಿ ಹೇಳಿದೆ.

"ಎಂತ ಮೇಡಂ, ನಿಮ್ಗೆ ಮರ್ಲಾ?" ಎಂದಳು. ಮರ್ಲು ಎಂದರೆ ಅವಳ ಕಡೆ ಹುಚ್ಚು. "ನಮ್ಮ ಆಫೀಸಿನ ಮೊಹರು ಇರುವ ಕವರ್ ಹಿಡ್ಕೊಂಡು ಪೋಸ್ಟ್‌ಮ್ಯಾನ್ ಆ ಮನೆ ಹುಡುಕ್ಲಿಕ್ಕೆ ಹೊರಟ್ರೆ, ಮನೆಗೆ ಮುಟ್ಟುವಾಗ ಇಡೀ ಕೇರಿಗೆ ಗೊತ್ತಾಗಿರ್ತದೆ. ಅವರಿಗೆ ಕಾಗದ ಬೇಡ. ವರ್ಗಾವಣೆಯೂ ಬೇಡ. ಸುಮ್ಮನೆ ಬಿಡಿ."

ಕಾಗದದ ವಿಚಾರ ಕೈಬಿಟ್ಟೆ. ಅಷ್ಟಕ್ಕೇ ನಾನು ಬಹಳ ಸೂಕ್ಷ್ಮದವಳು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳ ಮಾತಿನ ಉಳಿದರ್ಧ ನನ್ನ ಕಿವಿಗೆ ಹೋಗಲೇ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಜುಲೈ ಭೇಟಿಯಲ್ಲಿ ಇಪ್ಪತ್ಮೂರು ಜನರಿಗೂ ಬಾಯಿಮಾತಿನಲ್ಲೇ ತಿಳಿಸಿ, ದಾರಿ ಖರ್ಚಿನಂತೆ ಎರಡು ತಿಂಗಳ ಮಾತ್ರೆ ಕೊಟ್ಟು, ಇನ್ನು ಮುಂದೆ ನಿಮ್ಮೂರಲ್ಲೇ ಪಡೆಯಿರಿ ಎಂದು ಹೇಳಿಸಿದೆ. ಕಡತಗಳು ಮೊಹರು ಹಾಕಿದ ಚೀಲದಲ್ಲಿ ಹೋದವು. ವರ್ಗಾವಣೆಯ ನಮೂನೆಯನ್ನು ನಾನೇ ರಚಿಸಿದ್ದೆ, ರಿಜಿಸ್ಟರ್ಡ್ ಪತ್ರದ ಸ್ವೀಕೃತಿ ಕಾರ್ಡಿನ ಹಾಗೆ. ಮೇಲರ್ಧ ಕಳಿಸುವ ಕೇಂದ್ರದ್ದು, ಕೆಳಗಿನರ್ಧ ಪಡೆಯುವ ಕೇಂದ್ರದ್ದು.

ಅಕ್ಟೋಬರ್ ಕೊನೆಯಲ್ಲಿ ಎಣಿಸಿದೆ. ಹನ್ನೆರಡು ಜನ ಹೊಸ ಕೇಂದ್ರಕ್ಕೆ ಬಂದಿದ್ದರು. ಅವರಲ್ಲಿ ಕೆಲವರು ಪ್ರಯಾಣ ತಪ್ಪಿತೆಂದು ಖುಷಿಯನ್ನೂ ಪಟ್ಟಿದ್ದರು. ಹನ್ನೊಂದು ಜನ ಹಳೆಯ ಕಡೆಯೂ ಇಲ್ಲ, ಹೊಸ ಕಡೆಯೂ ಇಲ್ಲ. ನಾನು ಮೊದಲು ಮಾಡಿದ್ದು ಅಂಚೆಯವರು ಮಾಡುವ ಕೆಲಸವನ್ನೇ: ಚೀಲ ಎಲ್ಲಿ ತಪ್ಪಿತೆಂದು ಹುಡುಕಿದೆ. ಯಾವುದೂ ತಪ್ಪಿರಲಿಲ್ಲ. ಇಪ್ಪತ್ಮೂರು ಕಡತವೂ ದಿನ ತಪ್ಪದೆ ತಲುಪಿದ್ದವು, ಜನ ಮಾತ್ರ ತಲುಪಿರಲಿಲ್ಲ.

ನಿರ್ದೇಶಕರು ಒಳ್ಳೆಯ ಮನುಷ್ಯರು, ಆದರೆ ದಿನಾಂಕಕ್ಕೆ ಹೆದರುವವರು. "ಹನ್ನೊಂದನ್ನು ಲಾಸ್ಟ್ ಕಾಲಂಗೆ ಹಾಕಿ. ಪ್ರಬಂಧ ನಿಲ್ಲಬಾರದು" ಎಂದರು. ನಾನು ಹಾಕಿದೆ. ಕರಡು ಅಚ್ಚಾಯಿತು. ಅದನ್ನು ಚೀಲದಲ್ಲಿಟ್ಟುಕೊಂಡೇ ಆ ಶುಕ್ರವಾರ ಕೊಚ್ಚಿಗೆ ಬಂದೆ. ಶನಿವಾರ ಜಯಂತಿಗೆ ತೋರಿಸಿದರೆ ಅವಳು ಓದಿ ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ.

"ಇವರು ಕಳೆದುಹೋದವರಲ್ಲ ಮೇಡಂ. ನಾವು ಓಡಿಸಿದ್ದು" ಎಂದಳು. "ಮಂಗಳವಾರ ರಜೆ ಹಾಕಿ. ನನ್ನೊಟ್ಟಿಗೆ ಇಗರ್ಜಿಗೆ ಬನ್ನಿ."

"ಚರ್ಚಿಗ್ಯಾಕ?"

ಆಗ ಅವಳು ಬಿಡಿಸಿ ಹೇಳಿದಳು. ದೂರದಿಂದ ಬರುವ ಪ್ರತಿಯೊಬ್ಬರ ಬಳಿಯೂ ಒಂದು ನೆಪ ಇರುತ್ತದೆ. ಒಬ್ಬನಿಗೆ ದೋಣಿಯ ಎಂಜಿನ್ನಿಗೆ ಬಿಡಿಭಾಗ ಕೊಳ್ಳುವ ನೆಪ, ಇನ್ನೊಬ್ಬರಿಗೆ ಕೋರ್ಟಿನ ವಾಯಿದೆ, ಅಲ್ಲಿನ ಸಮಾಲೋಚಕಿ ಇವಳಿಗೆ ಹೇಳಿದಂತೆ ಕೊಚ್ಚಿ ಬಳಿಯ ಅಂಬಲಮುಗಳಿನ ಒಬ್ಬಾಕೆಗೆ ತಿರುವನಂತಪುರದಲ್ಲಿರುವ ಅಕ್ಕನ ಬಾಣಂತನ, ಅಕ್ಕನ ಮಗುವಿಗೆ ಆಗಲೇ ಮೂರು ವರ್ಷವಾಗಿದ್ದರೂ. ತಿರುವನಂತಪುರದ ಹತ್ತಿರ ತುಂಬಾ ಎಂಬ ಊರಿನ ಮೀನುಗಾರ ಕೇರಿಯ ಸೆಲಿನ್‌ಗೆ—ಹೆಸರು ಬದಲಿಸಿದ್ದೇನೆ—ಹರಕೆಯ ನೆಪ. ತಿಂಗಳ ಮೊದಲ ಮಂಗಳವಾರ ಕೊಚ್ಚಿಯ ಒಂದು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ನೊವೇನಾ ಪ್ರಾರ್ಥನೆ ಮಾಡುತ್ತೇನೆಂದು ಹೇಳಿ ಮನೆ ಬಿಡುತ್ತಾಳೆ. ಹರಕೆಗೆ ಹೊರಟವಳನ್ನು ಆ ಕಡೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಇಗರ್ಜಿಯಿಂದ ನಮ್ಮ ಕೇಂದ್ರಕ್ಕೆ ಆಟೋದಲ್ಲಿ ಹತ್ತು ನಿಮಿಷ.

"ಈಗ ಔಷಧ ಇಲ್ಲದಿದ್ರೂ ಅವಳು ಇಗರ್ಜಿಗೆ ಬಂದೇ ಬರ್ತಾಳೆ," ಎಂದಳು ಜಯಂತಿ. "ಹರಕೆ ನಡುವೆ ನಿಲ್ಲಿಸಿದ್ರೆ ಊರವರು ಕೇಳುದಿಲ್ವ, ಯಾಕೆ ನಿಲ್ಲಿಸಿದ್ದು ಅಂತ?"

ಮಾತ್ರೆ, ಕಡತ, ಚೀಲ, ಎಲ್ಲದಕ್ಕೂ ನನ್ನಲ್ಲಿ ದಾರಿಯಿತ್ತು. ಈ ಹನ್ನೊಂದು ಜನ ತಾವೇ ಹುಡುಕಿಕೊಂಡ ದಾರಿಯನ್ನು ಮಾತ್ರ ನಾನು ಒಂದೂ ಮಾತು ಕೇಳದೆ ಮುಚ್ಚಿಬಿಟ್ಟಿದ್ದೆ. ಆದರೆ ಅಳುತ್ತಾ ಕೂರುವ ಪೈಕಿಯೂ ನಾನಲ್ಲ. ಹನ್ನೊಂದರಲ್ಲಿ ಒಬ್ಬರನ್ನೂ ಬಿಡಬಾರದು ಎಂದು ಗಟ್ಟಿಮಾಡಿಕೊಂಡೆ.

ನವೆಂಬರ್ ೬, ಮಂಗಳವಾರ. ಬೆಳಿಗ್ಗೆ ಹತ್ತಕ್ಕೇ ನಾವಿಬ್ಬರೂ ಇಗರ್ಜಿಯ ಹಿಂದಿನ ಸಾಲಿನಲ್ಲಿ ಕೂತೆವು. ನನಗೆ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ತಿಳಿಯದು. ಸೆರಗು ತಲೆಗೆ ಹೊದ್ದು ಪಕ್ಕದವರು ಮಾಡಿದ್ದನ್ನೇ ಮಾಡಿದೆ. ಒಂದು ಪ್ರಾರ್ಥನೆ ಮುಗಿಯಿತು, ಇನ್ನೊಂದೂ ಮುಗಿಯಿತು. ಹೆಂಗಸರ ಸಾಲು ಬರುತ್ತಿತ್ತು, ಹೋಗುತ್ತಿತ್ತು. ಹನ್ನೆರಡೂವರೆಗೆ ಜಯಂತಿ ನನ್ನ ಮೊಣಕೈ ಮುಟ್ಟಿದಳು. ನಸುಗಪ್ಪು ಬಣ್ಣದ, ಮೂವತ್ತೈದರ ಆಸುಪಾಸಿನ ಹೆಂಗಸು ಮೇಣದಬತ್ತಿ ಹಚ್ಚುತ್ತಿದ್ದಳು. ಜಯಂತಿ ಒಬ್ಬಳೇ ಹೋಗಿ ಅವಳ ಪಕ್ಕ ಮಂಡಿಯೂರಿದಳು. ಸೆಲಿನ್ ಒಪ್ಪದೆ ನಾನು ಹತ್ತಿರ ಬರಕೂಡದೆಂದು ಮೊದಲೇ ಮಾತಾಗಿತ್ತು. ಬಹಳ ಹೊತ್ತಾದ ಮೇಲೆ ಇಬ್ಬರೂ ಎದ್ದು ಹೊರಗಿನ ಮರದ ನೆರಳಿಗೆ ನಡೆದರು, ಜಯಂತಿ ತಿರುಗಿ ನನಗೆ ಸನ್ನೆ ಮಾಡಿದಳು.

ಸೆಲಿನ್‌ಳ ಗಂಡ ಹಿಂದೆಯೇ ತೀರಿಕೊಂಡಿದ್ದ, ಇದೇ ಕಾಯಿಲೆಯಿಂದ. ಕೇರಿಗೆ ಹೇಳಿದ್ದು ಕಾಮಾಲೆ ಎಂದು. ಅವಳು ಮೀನು ಮಾರಿ ಹತ್ತು ವರ್ಷದ ಮಗಳನ್ನು ಓದಿಸುತ್ತಿದ್ದಳು. ಅವಳ ಮಲಯಾಳ ನನಗೆ ಅರ್ಥವಾಗುತ್ತಿತ್ತು, ಕರಾವಳಿಯ ಆ ವೇಗ ಮಾತ್ರ ಕಷ್ಟ.

"ತಿರುವನಂತಪುರದಲ್ಲಿ ನಿಮ್ಮ ಕೇಂದ್ರ ಇರೋ ಆಸ್ಪತ್ರೆಯಲ್ಲೇ ವಾರ್ಡ್ ಗುಡಿಸುವವಳು ನನ್ನ ನಾದಿನಿ, ಚೇಚಿ," ಎಂದಳು. ಚೇಚಿ ಎಂದರೆ ಅಕ್ಕ. "ನಾನು ಔಷಧ ತಗೊಂಡು ಮನೆ ಮುಟ್ಟೋದಕ್ಕಿಂತ ಮೊದಲು ಸುದ್ದಿ ಮುಟ್ಟಿರುತ್ತೆ. ಸಂಜೆಗೆ ನನ್ನ ಬುಟ್ಟಿಯ ಮೀನು ಯಾರೂ ಮುಟ್ಟಲ್ಲ. ಮರುದಿನ ಮಗಳನ್ನ ಶಾಲೆಯಲ್ಲಿ ಯಾರೂ ಪಕ್ಕ ಕೂರಿಸಿಕೊಳ್ಳಲ್ಲ. ಹತ್ತಿರ, ಹತ್ತಿರ ಅಂತ ನೀವು ಹೇಳಿದ್ದು ಇದಕ್ಕೇನಾ?"

ಮಾತ್ರೆ ಏನಾಯಿತೆಂದು ಜಯಂತಿ ಕೇಳಿದಳು. ಸೆಲಿನ್ ಕುಪ್ಪಸದೊಳಗಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಬಿಚ್ಚಿದಳು. ಐದು ಮಾತ್ರೆ ಉಳಿದಿದ್ದವು. ಮುಗಿದುಹೋದರೆ ಗತಿಯೇನೆಂದು ಹೆದರಿ, ಜುಲೈಯಿಂದ ದಿನಕ್ಕೆ ಎರಡರ ಬದಲು ಒಂದೇ ನುಂಗಿದ್ದಳು, ಕೆಲವು ದಿನ ಅದೂ ಇಲ್ಲ. ಮಾತ್ರೆಯೇ ಇಲ್ಲದಿರುವುದಕ್ಕಿಂತ ಅರ್ಧ ಔಷಧವೇ ಹೆಚ್ಚು ಅಪಾಯ, ಔಷಧವನ್ನು ಎದುರಿಸುವುದನ್ನು ಅದು ವೈರಸ್‌ಗೆ ಕಲಿಸಿಬಿಡುತ್ತದೆಂದು ವೈದ್ಯರು ನನಗೆ ಹೇಳಿಕೊಟ್ಟಿದ್ದರು. ಅವಳು ಜೋಪಾನ ಮಾಡಿದ್ದೇ ಅವಳಿಗೆ ಮುಳುವಾಗಬಹುದಿತ್ತು.

ಅವಳು ನನ್ನ ಚೀಲದ ಕಡೆ ನೋಡಿದಳು. ಕರಡಿನ ಅಂಚು ಹೊರಗೆ ಕಾಣುತ್ತಿತ್ತು. "ಇವರು ಏನು ಕೆಲಸ ಮಾಡೋದು?" ಎಂದು ಜಯಂತಿಯನ್ನು ಕೇಳಿದಳು. ಈ ಕಾಯಿಲೆಯವರಿಗಾಗಿ ಮುಂದಿನ ಇಪ್ಪತ್ತೈದು ವರ್ಷದ ಯೋಜನೆ ಬರೆಯುತ್ತಿದ್ದಾರೆ ಎಂದಳು ಜಯಂತಿ. ಸೆಲಿನ್ ಬೆರಳು ಮಡಿಚಿ ಎಣಿಸಿದಳು.

"ಇಪ್ಪತ್ತೈದು ವರ್ಷಕ್ಕೆ ನನ್ನ ಮಗಳಿಗೆ ಮೂವತ್ತೈದು. ಆ ಪಟ್ಟಿಯಲ್ಲಿ ನಾನು ಇದ್ದೀನಾ ಚೇಚಿ?"

"ಇದ್ದೀರಿ" ಎಂದೆ. ನನ್ನ ಚೀಲದಲ್ಲಿದ್ದ ಕಾಗದದಲ್ಲಿ ಅವಳು ಇರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ದೊಡ್ಡ ಸುಳ್ಳನ್ನು ನಾನು ಹೇಳಿದ್ದು ಅದೊಂದೇ ಸಲ. ಅದನ್ನು ಸಂಜೆಯೊಳಗೆ ನಿಜ ಮಾಡಬೇಕಿತ್ತು.

ಕೇಂದ್ರಕ್ಕೆ ಹೋದೆವು. ಔಷಧ ವಿತರಣೆ ನಾಲ್ಕಕ್ಕೆ ಮುಚ್ಚುತ್ತದೆ. ವೈದ್ಯಾಧಿಕಾರಿ ಪರೀಕ್ಷೆ ಮಾಡಿ, ರಕ್ತ ತೆಗೆಸಿ, ಸಂಕಟದಿಂದ ಹೇಳಿದರು: "ಇವರು ದಾಖಲೆಯಲ್ಲಿ ತಿರುವನಂತಪುರದವರು. ಎರಡು ಕಡೆ ಹೆಸರಿರುವವರಿಗೆ ಮಾತ್ರೆ ಕೊಡುವಂತಿಲ್ಲ. ಆದೇಶ ನಿಮ್ಮದೇ, ಮೇಡಂ." ನಿರ್ದೇಶಕರಿಗೆ ಫೋನ್ ಮಾಡಿದೆ. ಆದೇಶ ಬದಲಿಸಲು ಸಮಿತಿ ಸೇರಬೇಕು, ಮುಂದಿನ ವಾರ ನೋಡೋಣ ಎಂದರು. ಐದು ಮಾತ್ರೆ, ಮುಂದಿನ ವಾರ. ಗಂಟೆ ಆಗಲೇ ಮೂರೂಕಾಲು.

ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡು, ನಾನೇ ರಚಿಸಿದ ನಮೂನೆಯ, ಕೊಚ್ಚಿ ಕೇಂದ್ರದಲ್ಲಿ ಉಳಿದಿದ್ದ ಪ್ರತಿಯನ್ನು ತರಿಸಿ ಮುಂದಿಟ್ಟುಕೊಂಡೆ. ಕೆಳಗಿನರ್ಧದಲ್ಲಿ ಒಂದು ಸಾಲು ಖಾಲಿ: ವ್ಯಕ್ತಿ ಖುದ್ದಾಗಿ ಹಾಜರಾದ ದಿನಾಂಕ. ಸೆಲಿನ್ ತಿರುವನಂತಪುರಕ್ಕೆ ಹೋಗಿಯೇ ಇಲ್ಲ, ಆ ಸಾಲು ತುಂಬಿಯೇ ಇಲ್ಲ. ಅಂಚೆಯಲ್ಲಿ ಒಂದು ಹಳೆಯ ನಿಯಮವಿದೆ. ವಿಳಾಸದಾರನ ಕೈ ಸೇರುವವರೆಗೆ ಪತ್ರ ಕಳಿಸಿದವನದೇ. ಅವನು ಬಯಸಿದರೆ ದಾರಿಯಿಂದಲೇ ಹಿಂದಕ್ಕೆ ಕರೆಸಿಕೊಳ್ಳಬಹುದು. ಗದಗಿನ ಅಂಚೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ ಅದು.

"ಡಾಕ್ಟ್ರೇ, ಈ ವರ್ಗಾವಣೆ ಇನ್ನೂ ಮುಗಿದೇ ಇಲ್ಲ," ಎಂದೆ. "ಸ್ವೀಕೃತಿ ಇಲ್ಲ ಅಂದಮೇಲೆ ಇವರು ಇವತ್ತಿಗೂ ನಿಮ್ಮ ಕೇಂದ್ರದವರು. ಸಮಿತಿ ಬೇಕಾಗಿಲ್ಲ. ನಾನು ಹಿಂದಕ್ಕೆ ಪಡೆಯುತ್ತಿದ್ದೇನೆ, ಅಷ್ಟೆ."

ನಮೂನೆಯ ಮೇಲೆ ಅಡ್ಡವಾಗಿ "ತಲುಪಿಲ್ಲ, ಹಿಂಪಡೆಯಲಾಗಿದೆ" ಎಂದು ಇಂಗ್ಲಿಷಿನಲ್ಲಿ ಬರೆದು, ಪೂರ್ತಿ ಹೆಸರು, ಹುದ್ದೆ, ಗಂಟೆ, ನಿಮಿಷ ಹಾಕಿ ಸಹಿ ಮಾಡಿದೆ. ವೈದ್ಯರು ಎರಡು ಸಲ ಓದಿ ನಕ್ಕರು. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಮೂರು ಐವತ್ತಕ್ಕೆ ಸೆಲಿನ್ ಕೈಗೆ ಒಂದು ತಿಂಗಳ ಮಾತ್ರೆ ಬಂತು. ಅವಳು ಡಬ್ಬಿಯನ್ನು ಮೇಣದಬತ್ತಿಯ ಪೊಟ್ಟಣದಡಿ ಇಟ್ಟುಕೊಂಡು, ಇನ್ನು ಮುಂದೆ ರೈಲಿನಲ್ಲೋ ಬೀದಿಯಲ್ಲೋ ಕಂಡರೆ ಗುರುತು ತೋರಿಸಬೇಡಿ ಎಂದು ನನಗೆ ಹೇಳಿ ಹೊರಟಳು. ಒಪ್ಪಿದೆ.

ಸಿಡಿ೪ ಎನ್ನುವುದು ರಕ್ತದಲ್ಲಿರುವ ರಕ್ಷಕ ಕಣಗಳ ಎಣಿಕೆ. ಅದು ಹೆಚ್ಚಿದಷ್ಟೂ ಒಳ್ಳೆಯದು. ಜೂನ್‌ನಲ್ಲಿ ಸೆಲಿನ್‌ಳದು ೩೧೨ ಇತ್ತು. ನವೆಂಬರಿನ ಆ ರಕ್ತದಲ್ಲಿ ೨೦೪. ಔಷಧ ಇನ್ನೂ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಆರು ತಿಂಗಳು ಕಾಯಬೇಕಿತ್ತು.

ಉಳಿದ ಹತ್ತು ಜನರನ್ನು ಅವರವರ ನೆಪದ ದಾರಿಯಲ್ಲೇ ಹುಡುಕಿದೆವು: ಬಿಡಿಭಾಗದ ಅಂಗಡಿ, ಕೋರ್ಟಿನ ವರಾಂಡ, ಬಸ್ ನಿಲ್ದಾಣ. ಜಯಂತಿ ಮುಂದೆ, ನಾನು ಹಿಂದೆ. ಎಂಟು ಜನ ಸಿಕ್ಕಿ ಹಳೆಯ ಕೇಂದ್ರಕ್ಕೆ ಮರಳಿದರು. ಒಬ್ಬರು ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಇನ್ನೊಬ್ಬರು ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಎರಡು ನೋಂದಣಿ ಸಂಖ್ಯೆ ನನಗೆ ಈಗಲೂ ಬಾಯಿಪಾಠ. ಅವನ್ನು ನೆನೆದಾಗ ಆಗುವ ಸಂಕಟಕ್ಕೆ ಯಾವ ಸಮಜಾಯಿಷಿಯೂ ಇಲ್ಲ, ನಾನು ಹುಡುಕಿಕೊಂಡೂ ಇಲ್ಲ.

ಪ್ರಬಂಧವನ್ನು ಹರಿದು ಮತ್ತೆ ಬರೆದೆ. ನಮ್ಮ ತಪ್ಪನ್ನು ನಾವೇ ಯಾಕೆ ಸಾರಬೇಕು ಎಂದರು ನಿರ್ದೇಶಕರು. ತಪ್ಪು ಕಚೇರಿಯದಲ್ಲ, ನನ್ನದು, ಹಾಗೆಂದೇ ಬರೆದಿದ್ದೇನೆ ಎಂದೆ. ಒಂದು ವಾರ ಕಡತ ಅವರ ಮೇಜಿನ ಮೇಲೆ ಕೂತಿತು. ನಾನು ದಿನಾ ಬೆಳಿಗ್ಗೆ ಅವರ ಕೋಣೆಯ ಮುಂದೆ ಕೂತೆ. ನವೆಂಬರ್ ೨೯ಕ್ಕೆ ಅವರು ಸಹಿ ಹಾಕಿದರು.

೨೦೦೮ರ ಫೆಬ್ರವರಿಯಲ್ಲಿ ಆ ತಂಡದವರು ಕೊಚ್ಚಿಯಲ್ಲೇ ಸಭೆ ಸೇರಿದರು. ನನಗೆ ಸಿಕ್ಕಿದ್ದು ಹತ್ತು ನಿಮಿಷ. ನನಗಿಂತ ಮೊದಲು ಮಾತಾಡಿದವರು ಉಪಗ್ರಹದ ನಕ್ಷೆ ತೋರಿಸಿ, ಪ್ರತಿ ಮನೆಯಿಂದ ಕೇಂದ್ರಕ್ಕೆ ಎಷ್ಟು ದೂರವಿರಬೇಕೆಂದು ವಿವರಿಸಿದ್ದರು. ನಾನು ನಕ್ಷೆ ತೋರಿಸಲಿಲ್ಲ. ಇಪ್ಪತ್ಮೂರು ಜನರ ಕಥೆ ಹೇಳಿದೆ, ಹೆಸರಿಲ್ಲದೆ, ಊರಿಲ್ಲದೆ. ಮುಗಿಸಿದಾಗ ಅಧ್ಯಕ್ಷೆ, ನೈರೋಬಿಯಿಂದ ಬಂದ ಹಿರಿಯ ವೈದ್ಯೆ, ಕನ್ನಡಕ ತೆಗೆದು ಹೇಳಿದರು: "ನಮ್ಮಲ್ಲೂ ಜನ ಪಕ್ಕದ ಊರಿನ ಬಸ್ ಹತ್ತುತ್ತಾರೆ. ನಾವು ಅದನ್ನು ಅವರ ಅಜ್ಞಾನ ಅಂದುಕೊಂಡಿದ್ದೆವು. ಇಪ್ಪತ್ತೈದು ವರ್ಷಕ್ಕೆ ನೀವು ಕೇಳುವುದೇನು?"

"ನೋಂದಣಿ ನಮೂನೆಯಲ್ಲಿ ಒಂದು ಸಾಲು," ಎಂದೆ. "ನಿಮಗೆ ಔಷಧ ಎಲ್ಲಿ ಬೇಕು? ಅದನ್ನು ಅವರೇ ತುಂಬಬೇಕು. ನಾವು ಅದರಂತೆ ನಡೆಯಬೇಕು."

ಜಗತ್ತಿನ ಯೋಜನೆಯಲ್ಲಿ ಆ ಸಾಲು ಎಷ್ಟು ದೂರ ಹೋಯಿತೋ ನನಗೆ ತಿಳಿಯದು. ನಮ್ಮ ಎರಡು ಕೇಂದ್ರಗಳ ನಮೂನೆಯಲ್ಲಿ ಮಾತ್ರ ಮಾರ್ಚ್‌ನಿಂದಲೇ ಬಂತು. ಮೇ ತಿಂಗಳಲ್ಲಿ ಜಯಂತಿಯ ಫೋನ್ ಬಂತು. "ಮುನ್ನೂರ ಮೂವತ್ತೆಂಟು ಮಾರಾಯ್ರೆ!" ಎಂದು ಕಿರುಚಿದಳು. ಸೆಲಿನ್‌ಗೆ ಹಳೆಯ ಔಷಧವೇ ಕೆಲಸ ಮಾಡುತ್ತಿತ್ತು. ಕಚೇರಿಯ ಕುರ್ಚಿಯಲ್ಲಿ ಕೂತೇ ನಾನು ಗಳಗಳನೆ ಅತ್ತುಬಿಟ್ಟೆ.

ವಿಳಾಸ ಎಂದರೆ ಮನುಷ್ಯನಿರುವ ಜಾಗ ಎಂದು ಇಪ್ಪತ್ತೆರಡು ವರ್ಷ ನಂಬಿದ್ದೆ. ಮನುಷ್ಯ ಯಾವ ಬಾಗಿಲಲ್ಲಿ ಹೆದರದೆ ಕೈ ಚಾಚಬಲ್ಲನೋ ಅದನ್ನು ಅವನನ್ನೇ ಕೇಳಿ ತಿಳಿಯಬೇಕೆಂದು ಈ ಕೆಲಸ ಕಲಿಸಿತು. ಕೇಳದೆ ಮಾಡಿದ ಯೋಜನೆ ಇಪ್ಪತ್ತೈದು ವರ್ಷದ್ದಾದರೂ ಒಂದೇ, ಇಪ್ಪತ್ತೈದು ದಿನದ್ದಾದರೂ ಒಂದೇ.

೨೦೦೯ರ ಏಪ್ರಿಲ್‌ನಲ್ಲಿ ನಿಯೋಜನೆ ಮುಗಿಯಿತು. ಕೊಚ್ಚಿ ಕೇಂದ್ರದವರು ಇಟ್ಟುಕೊಂಡ ಬೀಳ್ಕೊಡುಗೆಗೆಂದು ಮಂಗಳವಾರ ಬೆಳಿಗ್ಗೆ ತಿರುವನಂತಪುರದಲ್ಲಿ ರೈಲು ಹತ್ತಿದೆ. ಹೆಂಗಸರ ಬೋಗಿಯಲ್ಲಿ ಎದುರಿನ ಸೀಟಿಗೆ ಸೆಲಿನ್ ಬಂದು ಕೂತಳು, ಮಡಿಲಲ್ಲಿ ಮೇಣದಬತ್ತಿಯ ಪೊಟ್ಟಣ. ಒಂದು ಕ್ಷಣ ನೋಡಿದಳು. ಮಾತಿನಂತೆ ನಾನು ಕಿಟಕಿಯ ಕಡೆ ತಿರುಗಿದೆ. ಕೊಲ್ಲಂ ದಾಟಿದ ಮೇಲೆ ಪಕ್ಕದ ಅಜ್ಜಿಯೊಬ್ಬರು ಅವಳನ್ನು ಎಲ್ಲಿಗೆ ಎಂದು ಕೇಳಿದರು. ಹರಕೆಗೆ ಎಂದಳು. ಎಷ್ಟು ತಿಂಗಳ ಹರಕೆ, ಇನ್ನೂ ಮುಗಿದಿಲ್ಲವೇ ಎಂದರು ಅಜ್ಜಿ.

"ಇಪ್ಪತ್ತೈದು ವರ್ಷದ್ದು ಅಮ್ಮಚ್ಚಿ," ಎಂದಳು ಸೆಲಿನ್, ನನಗೂ ಕೇಳುವಷ್ಟು ಗಟ್ಟಿಯಾಗಿ. "ಈಗಷ್ಟೇ ಶುರು ಮಾಡಿದ್ದೀನಿ."